ಹಡಗು ನಡೆಸುತ್ತೇನೆ ಎನ್ನುವ ಮಗಳಿಗೆ ಏನು ಹೇಳುವುದು?



ಪಿ.ಯು.ಸಿ. ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲೆಲ್ಲ ಒಂದೇ ಮಾತು. ಡಾಕ್ಟರೋ, ಇಂಜಿನಿಯರೋ, ಅದಾಗದಿದ್ದರೆ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡಿ ಟೀಚರೋ! ಇಷ್ಟರೊಳಗೆ ಮಗಳು ಯಾವುದನ್ನು ಆರಿಸಿಕೊಂಡರೂ ನಮಗೆ ಗಾಬರಿಯಿಲ್ಲ. ಓಣಿಯಲ್ಲಿ ಯಾರಾದರೂ ಆ ಹಾದಿಯಲ್ಲಿ ಹೋಗಿರುತ್ತಾರೆ, ಕೇಳಿದರೆ ಹೇಳುತ್ತಾರೆ.

ಆದರೆ ನವಲಗುಂದದಲ್ಲೋ ಕುಂದಗೋಳದಲ್ಲೋ ಒಬ್ಬ ಹುಡುಗಿ ಊಟದ ತಾಟಿನ ಮುಂದೆ ಕೂತು, "ಅವ್ವಾ, ನಾ ಹಡಗಿನ ಕ್ಯಾಪ್ಟನ್ ಆಗಾಕಿ" ಅಂದಳೆನ್ನಿ. ಏನಾಗುತ್ತದೆ? ಅಜ್ಜಿಗೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. "ಹಳ್ಳಾ ಬಂದರ ದಂಡ್ಯಾಗ ನಿಂದರೂ ಮಂದಿ ನಾವು, ನೀ ಸಮುದ್ರಕ್ಕ ಹೊಂಟೇನ?" ಎನ್ನುತ್ತಾಳೆ. ಅಪ್ಪ ನಕ್ಕು ಸುಮ್ಮನಾಗುತ್ತಾನೆ. ಅಣ್ಣ ತಮಾಷೆ ಮಾಡುತ್ತಾನೆ. ಕೊನೆಗೆ ಎಲ್ಲರೂ ನೋಡುವುದು ತಾಯಿಯ ಮುಖವನ್ನು. ಈ ಸಲದ ಅಂಕಣ ಆ ತಾಯಿಗಾಗಿ.

"ಬೇಡ" ಎನ್ನುವುದಕ್ಕೆ ಅರ್ಧ ನಿಮಿಷ ಸಾಕು. "ಆಗಲಿ" ಎನ್ನುವುದಕ್ಕೂ ಅಷ್ಟೇ. ಆದರೆ ಗೊತ್ತಿಲ್ಲದೆ ಬೇಡವೆಂದರೆ ಹುಡುಗಿಯ ಆಸೆ ಒಳಗೇ ಉಳಿದು ನಿಮ್ಮ ಮೇಲೆ ಸಿಟ್ಟಾಗುತ್ತದೆ. ಗೊತ್ತಿಲ್ಲದೆ ಹೂಂ ಎಂದರೆ ಮನೆಯ ಹಣ, ಮಗಳ ಎರಡು-ಮೂರು ವರ್ಷ, ಎರಡೂ ನೀರುಪಾಲಾಗಬಹುದು. ಆದ್ದರಿಂದ ಮೊದಲು ವಿಷಯ ತಿಳಿದುಕೊಳ್ಳೋಣ. ತೀರ್ಮಾನ ಆಮೇಲೆ.

ನಮಗೂ ಸಮುದ್ರಕ್ಕೂ ಏನು ಸಂಬಂಧ?

ಎರಿಮಣ್ಣಿನ ನಾಡು ನಮ್ಮದು. ಒಂದು ಕೊಡ ನೀರಿನ ಬೆಲೆ ನಮಗೆ ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ಮಲಪ್ರಭೆಯ ಕಾಲುವೆ ನೀರಿನ ಕರದ ವಿಷಯಕ್ಕೆ ನವಲಗುಂದ, ನರಗುಂದದ ರೈತರು ಎದ್ದು ನಿಂತದ್ದನ್ನು ನಾಡೆಲ್ಲ ಬಲ್ಲದು. ಹಾಗೆಯೇ ನೀರು ಹೆಚ್ಚಾದರೆ ಏನಾಗುತ್ತದೆಂಬುದೂ ನಮಗೆ ಗೊತ್ತು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿ ಹೊಲಗಳ ಮೇಲೆ ಹರಿದಾಗ ದಂಡೆಯ ಊರುಗಳವರು ಪಟ್ಟ ಪಾಡು ಇನ್ನೂ ಮರೆತಿಲ್ಲ.

ಭೂಪಟ ತೆಗೆದು ಮಗಳ ಜೊತೆ ಒಂದು ಸಲ ನೋಡಿ. ಕಲಘಟಗಿಯ ಕಡೆ ಬಿದ್ದ ಮಳೆ ಬೇಡ್ತಿ ನದಿಯ ಪಾಲಾಗುತ್ತದೆ. ಬೇಡ್ತಿ ಯಲ್ಲಾಪುರದ ಕಾಡು ದಾಟಿ, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆ ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ನವಲಗುಂದದ ಕಡೆ ಬಿದ್ದ ಮಳೆ ಬೆಣ್ಣಿಹಳ್ಳದಿಂದ ಮಲಪ್ರಭೆಗೆ, ಅಲ್ಲಿಂದ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಜಿಲ್ಲೆಯ ನೀರು ಎರಡು ಕಡಲಿಗೆ! ಹೀಗಿರುವಾಗ ಸಮುದ್ರ ನಮ್ಮದಲ್ಲ ಎಂದು ಹೇಗೆ ಹೇಳೋಣ?

ದೋಣಿ ನಡೆಸುವ ಕಾಯಕವೂ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯಲ್ಲಿದೆ. ಈಗ ಅದು ಹಾವೇರಿ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆಯುವವರೆಗೆ ಅದೂ ನಮ್ಮ ಧಾರವಾಡವೇ ಆಗಿತ್ತು. ಅಂಬಿಗನ ಕಾಯಕ ಹೀನವೆಂದು ಆ ಶರಣರು ಎಣಿಸಲಿಲ್ಲ. ನಾವೂ ಎಣಿಸಬೇಕಾಗಿಲ್ಲ.

ಕ್ಯಾಪ್ಟನ್ ಎಂದರೆ ಯಾರು?

ಸಿನಿಮಾದಲ್ಲಿ ಕ್ಯಾಪ್ಟನ್ ಬಿಳಿ ಟೋಪಿ ಹಾಕಿ, ದೊಡ್ಡ ಚಕ್ರ ತಿರುಗಿಸುತ್ತಾನೆ. ನಿಜವಾದ ಹಡಗಿನಲ್ಲಿ ಚುಕ್ಕಾಣಿ ಹಿಡಿಯುವವನೇ ಬೇರೆ. ಅವನಿಗೆ ಯಾವ ಕಡೆ ತಿರುಗಿಸಬೇಕೆಂದು ಹೇಳುವ ಅಧಿಕಾರಿ ಬೇರೆ. ಸಾಮಾನ್ಯವಾಗಿ ಒಬ್ಬೊಬ್ಬ ಅಧಿಕಾರಿ ನಾಲ್ಕು ತಾಸು ಪಾಳಿ ಮಾಡಿ ಎಂಟು ತಾಸು ಬಿಡುವು ಪಡೆಯುತ್ತಾನೆ. ಇವರೆಲ್ಲರ ಮೇಲೆ ಕ್ಯಾಪ್ಟನ್. ಕಾನೂನಿನಲ್ಲಿ ಇವರಿಗೆ 'ಮಾಸ್ಟರ್' ಎಂದು ಹೆಸರು. ಹಡಗು, ಅದರಲ್ಲಿಯ ಸರಕು, ಇಪ್ಪತ್ತು-ಇಪ್ಪತ್ತೈದು ಜನರ ಜೀವ, ಎಲ್ಲಕ್ಕೂ ಜವಾಬ್ದಾರರು ಇವರೇ. ಮನೆಯ ಯಜಮಾನಿಯ ಕೆಲಸವೆಂದೇ ತಿಳಿಯಿರಿ. ಒಲೆಯ ಮುಂದೆ ಇರಲಿ, ಇಲ್ಲದಿರಲಿ, ಮನೆಯಲ್ಲಿ ಏನಾದರೂ ಕೆಟ್ಟರೆ ಕೇಳುವುದು ಅವಳನ್ನೇ ತಾನೇ?

ಈ ಕೆಲಸದ ಬುದ್ಧಿ ನಮ್ಮ ಮನೆಯೊಳಗೂ ಇದೆ. ಎರಡು ಉದಾಹರಣೆ ಹೇಳುತ್ತೇನೆ.

ಚಕ್ಕಡಿಗೆ ಹೊಟ್ಟು ಹೇರುವುದನ್ನು ನೋಡಿದ್ದೀರಿ. ಭಾರವೆಲ್ಲ ಮೇಲಾದರೆ ಗಾಲಿ ಒಂದು ತಗ್ಗಿಗೆ ಬಿದ್ದ ಕೂಡಲೇ ಬಂಡಿ ಮಗುಚುತ್ತದೆ. ಹಡಗಿನದೂ ಅದೇ ಲೆಕ್ಕ. ಭಾರ ಕೆಳಗಿರಬೇಕು, ಎರಡೂ ಮಗ್ಗುಲು ಸಮ ಇರಬೇಕು. ಪ್ರತಿ ಬಂದರಿನಲ್ಲೂ ಸರಕು ಹತ್ತುವ ಮೊದಲು ಈ ಲೆಕ್ಕ ಕಾಗದದ ಮೇಲೆ ಆಗಲೇಬೇಕು.

ಇನ್ನೊಂದು, ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ. ಹಡಗಿನ ತಳದಲ್ಲಿ ನೀರಿನ, ಎಣ್ಣೆಯ ದೊಡ್ಡ ದೊಡ್ಡ ತೊಟ್ಟಿಗಳಿರುತ್ತವೆ. ಅರ್ಧ ತುಂಬಿದ ತೊಟ್ಟಿಯ ನೀರು ಹಡಗು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಅದಕ್ಕೇ ಆದಷ್ಟು ಮಟ್ಟಿಗೆ ತೊಟ್ಟಿ ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು ಎಂದು ನಾವಿಕರ ನಿಯಮ. ತಲೆಯ ಮೇಲೆ ಅರ್ಧ ಕೊಡ ಹೊತ್ತು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ರಾತ್ರಿಯ ಸಂಚಾರ. ಪ್ರತಿ ಹಡಗಿನ ಎಡ ಮಗ್ಗುಲಿಗೆ ಕೆಂಪು ದೀಪ, ಬಲ ಮಗ್ಗುಲಿಗೆ ಹಸಿರು ದೀಪ ಉರಿಯುತ್ತಿರುತ್ತದೆ. ಕತ್ತಲಲ್ಲಿ ಎದುರಿನ ಹಡಗಿನ ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡವೆಂದರೆ ಅದು ನೇರ ನಮ್ಮ ಮೇಲೇ ಬರುತ್ತಿದೆ ಎಂದರ್ಥ. ಆಗ ಎರಡೂ ಹಡಗುಗಳು ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಅದಕ್ಕಾಗಿಯೇ ಬಣ್ಣಗುರುಡು ಇದ್ದವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕೆಲಸವೊಂದಿದೆ. ಅದು "ಆಗದು" ಎನ್ನುವುದು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರೂ ಅವರಲ್ಲಿ ಇದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನ ದೋಣಿ ಹತ್ತಿದ್ದರೆಂದು ಆಗಿನ ವರದಿಗಳು ಹೇಳಿದವು. ಜಾತ್ರೆಯ ಗದ್ದಲದಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬಂದವರಿಗೆ "ಸಾಕು, ಇನ್ನೊಬ್ಬರೂ ಹತ್ತಬೇಡಿ" ಎನ್ನುವುದು ಸುಲಭವಲ್ಲ. ಆದರೆ ದೋಣಿ ಸಣ್ಣದಿರಲಿ ದೊಡ್ಡದಿರಲಿ, ಅದನ್ನು ನಡೆಸುವವರ ಮೊದಲ ಧರ್ಮ ಇದೇ.

ನಮ್ಮ ಹೆಣ್ಣುಮಕ್ಕಳಿಗೆ ನಾವು ಹುಟ್ಟಿದಾಗಿನಿಂದ ಕಲಿಸುವುದೇನು? "ಹೂಂ ಅನ್ನು, ಎದುರು ಮಾತಾಡಬ್ಯಾಡ." ಕ್ಯಾಪ್ಟನ್ ಆಗುವ ಹುಡುಗಿಗೆ ಇದರ ಉಲ್ಟಾ ಪಾಠ ಬೇಕು. ತನಗಿಂತ ಹಿರಿಯರಿಗೆ, ಹಣ ಹಾಕಿದ ಮಾಲೀಕನಿಗೆ, ಅವಸರದ ಮಂದಿಗೆ, ಗೌರವ ಬಿಡದೆ, ದನಿ ಏರಿಸದೆ "ಆಗದು" ಎನ್ನಬೇಕು. ನಿಮ್ಮ ಮಗಳಲ್ಲಿ ಆ ಗಟ್ಟಿತನ ಇದೆಯೇ? ಅಂಕಪಟ್ಟಿ ನೋಡುವ ಮೊದಲು ಇದನ್ನು ನೋಡಿ.

ಹೆಂಗಸರು ಮಾಡಿದ್ದಾರೆಯೇ?

ಮಾಡಿದ್ದಾರೆ. ಕೇರಳದ ಕೊಡುಂಗಲ್ಲೂರಿನ ರಾಧಿಕಾ ಮೆನನ್ 1991ರಲ್ಲಿ ರೇಡಿಯೋ ಅಧಿಕಾರಿಯಾಗಿ ಹಡಗು ಹತ್ತಿದರು. ಮೆಟ್ಟಿಲು ಮೆಟ್ಟಿಲಾಗಿ ಏರಿ, 2012ರಲ್ಲಿ ಭಾರತದ ವ್ಯಾಪಾರೀ ಹಡಗಿನ ಮೊದಲ ಮಹಿಳಾ ಕ್ಯಾಪ್ಟನ್ ಆದರು. ಇಪ್ಪತ್ತು ವರ್ಷ ಮೀರಿದ ದುಡಿಮೆ ಅದು, ಒಮ್ಮೆಲೇ ಬಂದ ಭಾಗ್ಯವಲ್ಲ.

2015ರ ಜೂನ್ ತಿಂಗಳಲ್ಲಿ ಅವರು 'ಸಂಪೂರ್ಣ ಸ್ವರಾಜ್ಯ' ಎಂಬ ಎಣ್ಣೆ ಹಡಗಿನ ಕ್ಯಾಪ್ಟನ್ ಆಗಿದ್ದರು. ಒಡಿಶಾದ ಕರಾವಳಿಯಾಚೆ ಬಂಗಾಳ ಕೊಲ್ಲಿಯಲ್ಲಿ 'ದುರ್ಗಮ್ಮ' ಎಂಬ ಮೀನುಗಾರರ ದೋಣಿ ಇಂಜಿನ್ ಕೆಟ್ಟು, ಲಂಗರು ಕಳೆದುಕೊಂಡು ತೇಲುತ್ತಿತ್ತು. ಅದರಲ್ಲಿ ಏಳು ಜನ. ತಿನ್ನುವ ಕುಡಿಯುವ ವಸ್ತುವೆಲ್ಲ ನೀರುಪಾಲಾಗಿ, ಮೀನು ಕೆಡದಂತೆ ಇಟ್ಟಿದ್ದ ಮಂಜುಗಡ್ಡೆಯಿಂದ ಜೀವ ಹಿಡಿದುಕೊಂಡಿದ್ದರು. ಅಲೆಗಳು 25 ಅಡಿಗೂ ಎತ್ತರ. ಗಾಳಿಯ ವೇಗ 60 ನಾಟ್, ಅಂದರೆ ತಾಸಿಗೆ ನೂರಹತ್ತು ಕಿಲೋಮೀಟರಿಗೂ ಮೇಲೆ. ಅಂಥದರಲ್ಲಿ ದೊಡ್ಡ ಹಡಗನ್ನು ಸಣ್ಣ ದೋಣಿಯ ಹತ್ತಿರ ಒಯ್ಯುವುದೇ ಅಪಾಯ. ತಾಗಿದರೆ ದೋಣಿ ಪುಡಿಯಾಗುತ್ತದೆ. ಮೂರು ಸಲ ಪ್ರಯತ್ನಿಸಿ ಏಳು ಜನರನ್ನೂ ಮೇಲೆ ತಂದರು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2016ರಲ್ಲಿ ಅವರಿಗೆ ಸಮುದ್ರದ ಮೇಲಿನ ಅಸಾಧಾರಣ ಸಾಹಸದ ಪ್ರಶಸ್ತಿ ಕೊಟ್ಟಿತು. ಅದನ್ನು ಪಡೆದ ಮೊದಲ ಮಹಿಳೆ ಅವರು.

ಚೆನ್ನೈನ ರೇಷ್ಮಾ ನಿಲೋಫರ್ ನಾಹಾ ಅವರದು ಇನ್ನೊಂದು ಬಗೆಯ ಕೆಲಸ. ಕೊಲ್ಕತ್ತಾದ ಹೂಗ್ಲಿ ನದಿಯಲ್ಲಿ ಮರಳು ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಹೊರಗಿನಿಂದ ಬಂದ ಹಡಗಿಗೆ ದಾರಿ ತಿಳಿಯದು. ಆಗ ಹಡಗು ಹತ್ತಿ ಬಂದರಿನವರೆಗೆ ದಾರಿ ತೋರಿಸುವ 'ಪೈಲಟ್' ಆಕೆ. 2019ರಲ್ಲಿ ರಾಷ್ಟ್ರಪತಿಗಳಿಂದ ನಾರೀ ಶಕ್ತಿ ಪುರಸ್ಕಾರ ಪಡೆದರು. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿ ಅವರ ಮುಂದಾಳುತನದಲ್ಲಿ 'ತಾರಿಣಿ' ಎಂಬ ಹಾಯಿ ದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾ ಬಿಟ್ಟು, ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು.

ಇಷ್ಟು ಹೇಳಿ ಇನ್ನೊಂದು ಮಾತು ಮುಚ್ಚಿಡಬಾರದು. 2021ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕದ ಪ್ರಕಾರ ಹಡಗಿನ ಕೆಲಸಗಾರರಲ್ಲಿ ಹೆಂಗಸರು ನೂರಕ್ಕೆ 1.28 ಮಾತ್ರ. ನೂರು ಜನರಲ್ಲಿ ಒಬ್ಬಳು! ನಿಮ್ಮ ಮಗಳು ಹೋದರೆ ಆ ಹಡಗಿನಲ್ಲಿ ಅವಳೊಬ್ಬಳೇ ಹೆಣ್ಣುಮಗಳಾಗಿರುವ ಸಾಧ್ಯತೆ ಬಹಳ.

ದಾರಿ ಯಾವುದು?

ದೊಡ್ಡ ಹಡಗಿನ ಕ್ಯಾಪ್ಟನ್ ಆಗುವ ಹಾದಿ 'ಡೆಕ್ ಕೆಡೆಟ್' ಎಂಬ ಮೆಟ್ಟಿಲಿನಿಂದ ಸುರುವಾಗುತ್ತದೆ. ಬೇಕಾದದ್ದು ಇಷ್ಟು:

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಮೂರರ ಸರಾಸರಿ ನೂರಕ್ಕೆ 60 ಬೇಕು. ಇಂಗ್ಲಿಷಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಾಗಲಿ ಪಿ.ಯು.ಸಿ.ಯಲ್ಲಾಗಲಿ ನೂರಕ್ಕೆ 50 ಬೇಕು. ಕನ್ನಡ ಮಾಧ್ಯಮದ ಹುಡುಗಿ ಎಂದು ಹೆದರಬೇಡಿ. ಆದರೆ ಹಡಗಿನ ಮೇಲಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ಮಾತಾಡುವ ಅಭ್ಯಾಸ ಈಗಿನಿಂದಲೇ ಆಗಲಿ. ವಯಸ್ಸಿನ ಮಿತಿಯಲ್ಲಿ ಹುಡುಗಿಯರಿಗೆ ಎರಡು ವರ್ಷ ರಿಯಾಯಿತಿ ಇದೆ.

ಇದಕ್ಕೆ ಪ್ರವೇಶ ಪರೀಕ್ಷೆ ನಡೆಸುವುದು ಭಾರತೀಯ ಸಾಗರ ವಿಶ್ವವಿದ್ಯಾಲಯ. 2008ರಲ್ಲಿ ಸ್ಥಾಪನೆಯಾದ ಇದರ ಮುಖ್ಯ ಕಚೇರಿ ಚೆನ್ನೈನಲ್ಲಿದೆ; ಮುಂಬಯಿ, ಕೊಲ್ಕತ್ತಾ, ಕೊಚ್ಚಿ, ವಿಶಾಖಪಟ್ಟಣಗಳಲ್ಲೂ ಆವರಣಗಳಿವೆ. ಪರೀಕ್ಷೆಯ ಹೆಸರು ಐ.ಎಂ.ಯು. ಸಿ.ಇ.ಟಿ. ಪಾಸಾದರೆ ಎರಡು ದಾರಿ: ಮೂರು ವರ್ಷದ ಬಿ.ಎಸ್ಸಿ. ನಾಟಿಕಲ್ ಸೈನ್ಸ್, ಇಲ್ಲವೇ ಒಂದು ವರ್ಷದ ಡಿಪ್ಲೊಮಾ. ಡಿಪ್ಲೊಮಾ ಆದವರು ಹದಿನೆಂಟು ತಿಂಗಳು, ಬಿ.ಎಸ್ಸಿ. ಆದವರು ಒಂದು ವರ್ಷ ಕೆಡೆಟ್ ಆಗಿ ಸಮುದ್ರದ ಮೇಲೆ ದುಡಿಯಬೇಕು. ಆಮೇಲೆ 'ಸೆಕೆಂಡ್ ಮೇಟ್' ಪರೀಕ್ಷೆ. ಅದಾದ ಮೇಲೆ ಅಧಿಕಾರಿಯಾಗಿ ಕೆಲಸ, ಮತ್ತೆ 'ಚೀಫ್ ಮೇಟ್' ಪರೀಕ್ಷೆ, ಮತ್ತೆ ಕೆಲಸ, ಕೊನೆಗೆ 'ಮಾಸ್ಟರ್' ಪರೀಕ್ಷೆ. ಹುಡುಗಿ ಕ್ಯಾಪ್ಟನ್ ಎನಿಸಿಕೊಳ್ಳುವ ಹೊತ್ತಿಗೆ ಹತ್ತು ವರ್ಷದ ಆಸುಪಾಸು ಆಗುತ್ತದೆ. ಸಂಬಳ ಮಾತ್ರ ಮೊದಲ ಪರೀಕ್ಷೆ ಪಾಸಾಗಿ ಅಧಿಕಾರಿಯಾದಾಗಿನಿಂದಲೇ ಕೈಗೆ ಸಿಗುತ್ತದೆ.

ಈಗ ಬಣ್ಣಗುರುಡಿನ ಮಾತು. ಹಣ ಕಟ್ಟುವ ಮೊದಲು, ಪರೀಕ್ಷೆಗೆ ಕೂರುವ ಮೊದಲು, ಮಗಳ ಕಣ್ಣು ಪರೀಕ್ಷೆ ಮಾಡಿಸಿ. ಡೆಕ್ ವಿಭಾಗಕ್ಕೆ ಕನ್ನಡಕವಿಲ್ಲದೆ ಚೆನ್ನಾಗಿ ಕಾಣಬೇಕು, ಬಣ್ಣಗಳ ಗುರುತು ಸರಿಯಾಗಿ ಸಿಗಬೇಕು. ವರ್ಷವಿಡೀ ಓದಿ, ಪರೀಕ್ಷೆ ಪಾಸಾಗಿ, ಕೊನೆಗೆ ಕಣ್ಣಿನಿಂದಾಗಿ ಮನೆಗೆ ಬರುವ ಸಂಕಟ ಯಾರಿಗೂ ಬೇಡ. ಕನ್ನಡಕವಿದ್ದವರಿಗೆ ಹಡಗಿನ ಇಂಜಿನ್ ವಿಭಾಗದಲ್ಲಿ ಒಂದು ಮಿತಿಯವರೆಗೆ ಅವಕಾಶವಿದೆ. ಆದರೆ ಅದು ಬೇರೆ ದಾರಿ, ಅಲ್ಲಿಂದ ಚೀಫ್ ಇಂಜಿನಿಯರ್ ಆಗಬಹುದೇ ಹೊರತು ಕ್ಯಾಪ್ಟನ್ ಅಲ್ಲ.

ಸಣ್ಣ ದೋಣಿ, ಲಾಂಚು?

ಸಮುದ್ರ ಬೇಡ, ನದಿಯಲ್ಲಿ ಲಾಂಚು ನಡೆಸುತ್ತೇನೆ ಎನ್ನುವವರಿಗೂ ದಾರಿಯಿದೆ. ಖಲಾಸಿಯಾಗಿ ಸೇರಿ, ಗೊತ್ತಾದಷ್ಟು ಕಾಲ ನೀರಿನ ಮೇಲೆ ದುಡಿದು, ಪರೀಕ್ಷೆ ಕೊಟ್ಟು ಮೇಲೇರಬೇಕು. ಹಿಂದಿನಿಂದ ಬಂದ ಹೆಸರುಗಳು ಸಾರಂಗ, ಎರಡನೇ ದರ್ಜೆ ಮಾಸ್ಟರ್, ಒಂದನೇ ದರ್ಜೆ ಮಾಸ್ಟರ್. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದ ಮೇಲೆ ಒಂದು ರಾಜ್ಯದಲ್ಲಿ ಪಡೆದ ಅರ್ಹತಾ ಪತ್ರ ದೇಶಕ್ಕೆಲ್ಲ ಸಲ್ಲುವಂತಾಯಿತು. ಈ ವಿದ್ಯೆ ಕಲಿಸಲೆಂದೇ ಪಟನಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಒಳನಾಡು ನೌಕಾಯಾನ ಸಂಸ್ಥೆ ಇದೆ. ಕೇರಳದಲ್ಲಿ 2023ರಲ್ಲಿ ಒಬ್ಬ ಗೃಹಿಣಿಯೇ ಸಾರಂಗ ಪತ್ರ ಪಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಆದರೆ ನಮ್ಮ ರಾಜ್ಯದ ಒಳನಾಡಿನಲ್ಲಿ ಈ ಕೆಲಸದ ಜಾಗಗಳು ಕಡಿಮೆ, ಇನ್ನೂ ಕಡಿಮೆಯಾಗುತ್ತಿವೆ. ಸಿಗಂದೂರು ಚೌಡೇಶ್ವರಿಗೆ ಹೋದವರೆಲ್ಲ ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಿದ್ದೀರಿ. ಜೀಪು, ಬಸ್ಸು, ಮಂದಿ ಎಲ್ಲ ಒಟ್ಟಿಗೆ! 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ಆ ದಂಡೆಯ ಜನ ಹತ್ತಾರು ವರ್ಷ ಕಾದ ಸೇತುವೆ, ಸಂತೋಷದ ಮಾತೇ. ಆದರೆ ಸೇತುವೆ ಬಂದ ಕಡೆ ಲಾಂಚಿನ ಕೆಲಸ ಕುಗ್ಗುತ್ತದೆ. ಆದ್ದರಿಂದ ನದಿಯ ಹಾದಿ ಹಿಡಿಯುವ ಹುಡುಗಿ ಕೊಚ್ಚಿಗೋ ಕೊಲ್ಕತ್ತೆಗೋ ಗೋವಾಕ್ಕೋ ಹೋಗಿ ದುಡಿಯಲು ತಯಾರಿರಬೇಕು.

ಹಣ ಮತ್ತು ಮೋಸ

ಇದನ್ನು ದಯವಿಟ್ಟು ಎರಡು ಸಲ ಓದಿ, ಮನೆಯವರಿಗೂ ಓದಿ ಹೇಳಿ.

ಈ ಹಾದಿಯ ದೊಡ್ಡ ಗುಂಡಿ ಸಮುದ್ರದಲ್ಲಿಲ್ಲ, ದಂಡೆಯ ಮೇಲೇ ಇದೆ. ಕೋರ್ಸು ಮುಗಿಸಿದ ಮಾತ್ರಕ್ಕೆ ಹಡಗು ಸಿಗುವುದಿಲ್ಲ. ಕೆಡೆಟ್ ಆಗಿ ಹತ್ತಿಸಿಕೊಳ್ಳುವ ಕಂಪನಿ ಸಿಗದೆ ಮನೆಯಲ್ಲಿ ಕೂತ ಹುಡುಗರು ಎಷ್ಟೋ ಜನ. ಹಡಗು ಹತ್ತದಿದ್ದರೆ ಮುಂದಿನ ಪರೀಕ್ಷೆಗೆ ಕೂರುವಂತಿಲ್ಲ, ಓದಿದ್ದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ "ಕಾಲೇಜು ಯಾವುದು?" ಎನ್ನುವುದಕ್ಕಿಂತ ಮೊದಲು "ತರಬೇತಿಗೆ ಹಡಗು ಕೊಡುತ್ತೇನೆಂದು ಬರೆದುಕೊಡುವ ಕಂಪನಿ ಯಾವುದು?" ಎಂದು ಕೇಳಿ. ಒಳ್ಳೆಯ ಕಂಪನಿಗಳು ತಾವೇ ಪರೀಕ್ಷೆ, ಸಂದರ್ಶನ ನಡೆಸಿ ಆರಿಸಿ ಅಂಥ ಪತ್ರ ಕೊಡುತ್ತವೆ. ಪತ್ರವಿಲ್ಲದೆ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಡಿ.

ಸಂಸ್ಥೆಗೆ ಮಾನ್ಯತೆ ಇದೆಯೇ ಎಂಬುದನ್ನು, ಎಲ್ಲರೂ 'ಡಿ.ಜಿ. ಶಿಪ್ಪಿಂಗ್' ಎನ್ನುವ ಮುಂಬಯಿಯ ಸರ್ಕಾರಿ ಕಚೇರಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಹಡಗಿಗೆ ಜನರನ್ನು ಕಳಿಸುವ ಏಜೆನ್ಸಿಗೂ ಅದೇ ಕಚೇರಿಯ ಪರವಾನಗಿ ಬೇಕು. ಅದಕ್ಕೆ ಆರ್.ಪಿ.ಎಸ್.ಎಲ್. ಎನ್ನುತ್ತಾರೆ. ಮುಖ್ಯ ಮಾತು ಇದು: ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆಂದು ನೌಕರಿ ಬೇಡುವವರಿಂದ ಹಣ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಯಾರಾದರೂ "ಅಕ್ಕಾರ, ಅರ್ಧಾ ಈಗ ಕೊಡ್ರಿ, ಅರ್ಧಾ ಹಡಗ ಹತ್ತಿದ ಮ್ಯಾಲೆ" ಅಂದರೆ ಅಲ್ಲೇ ತಿಳಿಯಿರಿ, ಆತ ಮೋಸಗಾರ. ಬಂಗಾರ ಅಡವಿಟ್ಟು, ಹೊಲ ಮಾರಿ ಅಂಥವರ ಕೈಗೆ ಕೊಡಬೇಡಿ. ಶುಲ್ಕಕ್ಕೆ ಹಣ ಸಾಲದಿದ್ದರೆ ಬ್ಯಾಂಕಿನ ವಿದ್ಯಾ ಸಾಲ ಕೇಳಿ. ಮಾನ್ಯತೆ ಇಲ್ಲದ ಸಂಸ್ಥೆಗೆ ಬ್ಯಾಂಕು ಸಾಲ ಕೊಡಲು ಹಿಂದೆಗೆದರೆ ಅದೂ ನಿಮಗೊಂದು ಎಚ್ಚರಿಕೆಯೇ.

ಹಡಗಿನ ಮೇಲಿನ ಬಾಳು

ತಾಯಂದಿರು ಕೇಳಲು ಸಂಕೋಚಪಡುವ ಮಾತುಗಳನ್ನು ನಾನೇ ಹೇಳಿಬಿಡುತ್ತೇನೆ.

ಒಂದು ಸಲ ಹೋದರೆ ತಿಂಗಳುಗಟ್ಟಲೆ ಮನೆಯಿಲ್ಲ. ನಾಗರ ಪಂಚಮಿಗೆ ಉಂಡಿ ಕಟ್ಟುವಾಗ ಅವಳಿರುವುದಿಲ್ಲ. ಅಜ್ಜಿ ತೀರಿಕೊಂಡರೂ ಮುಖ ನೋಡಲು ಬರಲಾಗದೆ ಇರಬಹುದು. ಇದನ್ನು ಅವಳೂ ತಿಳಿದಿರಬೇಕು, ನೀವೂ ತಿಳಿದಿರಬೇಕು.

ಮಲಗುವ ಕೋಣೆ, ಸ್ನಾನದ ಮನೆ ಹೆಂಗಸರಿಗೆ ಬೇರೆ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. 24 ತಾಸಿನಲ್ಲಿ ಕನಿಷ್ಠ 10 ತಾಸು, ವಾರಕ್ಕೆ 77 ತಾಸು ವಿಶ್ರಾಂತಿ ಕೊಡಬೇಕೆಂದೂ ಇದೆ. ಕರಾರು ಮುಗಿದ ಮೇಲೆ ಮನೆಗೆ ಕಳಿಸುವ ಖರ್ಚು ಮಾಲೀಕರದು. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ದೂರು ಕೊಡುವ ಹಕ್ಕಿದೆ. ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು. ನಡುಗಡಲಲ್ಲಿ ಬಾಯಿ ತೆರೆದು ಹೇಳುವ ಧೈರ್ಯ ಹುಡುಗಿಗೆ ಬೇಕು. ಹೇಳಿದಾಗ "ನೀನ ಏನೋ ಮಾಡಿರ್ತಿ" ಎನ್ನದೆ ನಂಬುವ ತಾಯಿ ಮನೆಯಲ್ಲಿರಬೇಕು. ಈ ಭರವಸೆಯನ್ನು ಹೋಗುವ ಮೊದಲೇ ಬಾಯಿಬಿಟ್ಟು ಕೊಡಿ. ಬೇರೆ ಯಾವ ಬುತ್ತಿಗಿಂತ ಇದು ಹೆಚ್ಚು ದಿನ ಬಾಳುತ್ತದೆ.

ಮದುವೆ? ಬರುವ ಸಂಬಂಧಗಳು ಕಡಿಮೆಯಾಗಬಹುದು, ಅದೂ ನಿಜ. ಗರ್ಭಿಣಿಯಾದರೆ ಹಡಗಿನ ಕೆಲಸಕ್ಕೆ ಬಿಡುವು ಹೇಳಬೇಕಾಗುತ್ತದೆ. ಆದರೆ ಅಲ್ಲಿಗೇ ಬದುಕು ಮುಗಿಯುವುದಿಲ್ಲ. ಕೆಲವು ವರ್ಷ ಹಡಗಿನಲ್ಲಿ ದುಡಿದು ಪರೀಕ್ಷೆ ಪಾಸಾದವರಿಗೆ ದಂಡೆಯ ಮೇಲೂ ಕೆಲಸವಿದೆ. ಬಂದರುಗಳಲ್ಲಿ, ಹಡಗು ತಪಾಸಣೆಯಲ್ಲಿ, ಕಂಪನಿಯ ಕಚೇರಿಗಳಲ್ಲಿ, ತರಬೇತಿ ಶಾಲೆಗಳಲ್ಲಿ ಸಮುದ್ರ ಕಂಡವರೇ ಬೇಕು. ಬೀಗರ ಮುಂದೆ ಇದನ್ನು ಧೈರ್ಯವಾಗಿ ಹೇಳಿ.

ಇನ್ನು ಬುತ್ತಿಯ ಮಾತು. ಹಡಗಿನಲ್ಲಿ ಅಡಿಗೆಯವರಿರುತ್ತಾರೆ, ಉಪವಾಸ ಬೀಳುವುದಿಲ್ಲ. ಆದರೂ ನಮ್ಮ ಕಡೆಯ ಬಾಯಿ ಕೇಳಬೇಕಲ್ಲ! ತೆಳ್ಳಗೆ ಬಡಿದು, ಚೆನ್ನಾಗಿ ಸುಟ್ಟು, ಬಿಸಿಲಲ್ಲಿ ಗರಿಗರಿ ಒಣಗಿಸಿದ ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳನ್ನು ಕಾಳು ಚೆನ್ನಾಗಿ ಹುರಿದು, ಪೂರ್ತಿ ಆರಿದ ಮೇಲೆ ಕುಟ್ಟಿ, ಒಣ ಡಬ್ಬಿಗೆ ಹಾಕಿ. ಬೆಳ್ಳುಳ್ಳಿ ಹಸಿ ಹಾಕಿದರೆ ಬೇಗ ಮುಗ್ಗಲು ಹಿಡಿಯುತ್ತದೆ, ಹುರಿದು ಹಾಕಿ. ಹೊರದೇಶದ ಬಂದರು, ವಿಮಾನಗಳಲ್ಲಿ ತಿನಿಸು ಒಯ್ಯಲು ಬೇರೆ ಬೇರೆ ನಿಯಮವಿರುವುದರಿಂದ ಕಂಪನಿಯನ್ನು ಕೇಳಿಯೇ ಕಟ್ಟಿಕೊಡಿ. ಮೊದಲ ದಿನಗಳಲ್ಲಿ ಬಹಳ ಜನರಿಗೆ ತಲೆ ಸುತ್ತಿ ವಾಂತಿಯಾಗುತ್ತದೆ, ಅದಕ್ಕೆ ಒಣ ಶುಂಠಿಯ ಚೂರು ಜೊತೆಯಲ್ಲಿರಲಿ. ಬಹುಪಾಲು ಜನರಿಗೆ ಕೆಲವು ದಿನಗಳಲ್ಲಿ ಅಭ್ಯಾಸವಾಗುತ್ತದೆ.

ಈಗಲೇ ಮಾಡಬಹುದಾದದ್ದು

ಮಗಳು ಇನ್ನೂ ಹೈಸ್ಕೂಲಿನಲ್ಲಿದ್ದರೆ ಅವಸರವಿಲ್ಲ. ಗಣಿತ ಗಟ್ಟಿಯಾಗಲಿ. ಸಮುದ್ರದ ಮೇಲೆ ಕಿಲೋಮೀಟರ್ ಕಲ್ಲುಗಳಿಲ್ಲ, ಕೋನಗಳ ಲೆಕ್ಕವೇ ದಾರಿ. ಅಕ್ಷಾಂಶದ ಒಂದು ಕಲೆ ಎಂದರೆ ಒಂದು ನಾಟಿಕಲ್ ಮೈಲು, 1852 ಮೀಟರು. ತಾಸಿಗೆ ಅಷ್ಟು ಸಾಗಿದರೆ ಒಂದು ನಾಟ್. ತ್ರಿಕೋನಮಿತಿ ಏತಕ್ಕೆ ಓದಬೇಕೆಂದು ಕೇಳುವ ಹುಡುಗಿಗೆ ಇದೊಂದು ಒಳ್ಳೆಯ ಉತ್ತರ.

ಈಜು ಕಲಿಸಿ, ಬಾವಿಗೋ ಕೆರೆಗೋ ಒಬ್ಬಳೇ ಕಳಿಸದೆ, ಹುಬ್ಬಳ್ಳಿ-ಧಾರವಾಡದ ಈಜುಕೊಳದಲ್ಲಿ ಕಲಿಸುವವರ ಕೈಕೆಳಗೆ. ಮತ್ತು ರಜೆಯಲ್ಲಿ ಒಮ್ಮೆ ಸಮುದ್ರ ತೋರಿಸಿ. ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲೆಗೆ, ಅಲ್ಲಿಂದ ಕಾರವಾರಕ್ಕೆ ಬಸ್ಸಿನ ಹಾದಿ. ಕಾರವಾರದ ಕಡಲತೀರದಲ್ಲಿ 'ಚಪಲ್' ಎಂಬ ನಿವೃತ್ತ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಒಳಗೆ ಹೋಗಿ ನೋಡಿದರೆ ಇಕ್ಕಟ್ಟಾದ ಏಣಿ, ಗೂಡಿನಂಥ ಕೋಣೆ, ಕಬ್ಬಿಣದ ವಾಸನೆ ಎಲ್ಲ ತಿಳಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಹತ್ತಿರದಿಂದ ನೋಡಿದ ಮೇಲೂ ಆಸೆ ಉಳಿದರೆ ಅದು ನಿಜವಾದ ಆಸೆ.

ಮನೆಯಲ್ಲೂ ಒಂದು ಅಭ್ಯಾಸ ಮಾಡಿಸಬಹುದು. ತಿಂಗಳಿಗೊಂದು ವಾರ ಮನೆಯ ಖರ್ಚು, ಸಂತೆ, ದಿನಸಿಯ ಲೆಕ್ಕ ಪೂರ್ತಿ ಅವಳ ಕೈಗೆ ಕೊಡಿ. ಕೊಟ್ಟ ಮೇಲೆ ನಡುವೆ ಬಾಯಿ ಹಾಕಬೇಡಿ. ಹಣ ಸಾಲದೆ ಬಂದರೆ ತಮ್ಮನಿಗೆ, ಅಪ್ಪನಿಗೆ, ಬೇಕಾದರೆ ನಿಮಗೂ "ಈ ವಾರ ಆಗೂದಿಲ್ಲ" ಎಂದು ಅವಳೇ ಹೇಳಲಿ. ಹೇಳಿದಾಗ ಅವಳ ಮಾತನ್ನು ಮನೆಯವರೆಲ್ಲ ನಡೆಸಿಕೊಡಿ. ಹಡಗು ಹತ್ತಲಿ, ಬಿಡಲಿ, ಈ ಪಾಠ ಅವಳಿಗೆ ಬೇಕೇ ಬೇಕು.

ಇಷ್ಟೆಲ್ಲ ತಿಳಿದ ಮೇಲೆ ನೀವು "ಬೇಡ" ಎಂದರೆ ನಾನು ತಪ್ಪು ಹೇಳುವುದಿಲ್ಲ. ಮನೆಯ ಕಷ್ಟ ಮನೆಯವರಿಗೇ ಗೊತ್ತು. ಆದರೆ ಕಾರಣ ಹೇಳಿ ಬೇಡ ಎನ್ನಿ. ಕಣ್ಣು ಸರಿಯಿಲ್ಲ, ಹಣ ಕೂಡುವುದಿಲ್ಲ, ಕಂಪನಿಯ ಪತ್ರ ಸಿಕ್ಕಿಲ್ಲ, ಇವು ಕಾರಣಗಳು. "ಹೆಣ್ಣುಮಗಳು" ಎನ್ನುವುದು ಮಾತ್ರ ಕಾರಣವಲ್ಲ. ಇನ್ನು ಎಲ್ಲ ಕೂಡಿಬಂದು "ಆಗಲಿ" ಎಂದರೆ ಅರ್ಧ ಮನಸ್ಸಿನಿಂದ ಎನ್ನಬೇಡಿ. ಈ ವಾರವೇ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.